ಹೌದು, ಗ್ರಾಫಿಕ್ಸ್ ಹಳೇದೇ. ಏನೀಗ?

‘ಅಷ್ಟು ದುಡ್ಡು ಸುರಿದು ಹೊಸ ಕಂಪ್ಯೂಟರ್ ತಗೊಂಡು, ಈ ಓಬೀರಾಯನ ಕಾಲದ ಗೇಮ್ ಆಡ್ತೀಯಲ್ಲ, ಏನಿದೆ ಅದರಲ್ಲಿ?’

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಗೇಮ್ ಹೆಸರು ರೋಲಿಂಗ್ ಥಂಡರ್. 1986ರಲ್ಲಿ ಜಪಾನಿನ ನಾಮ್ಕೊ ಕಂಪನಿ ಆರ್ಕೇಡ್ ಮಷಿನ್‌ಗೆ, ಅಂದ್ರೆ ಕಾಸು ಹಾಕಿ ಆಡೋ ಪೆಟ್ಟಿಗೆಗೆ, ಮಾಡಿದ್ದು. ಗೆಲ್ಡ್ರಾ ಅನ್ನೋ ಗುಂಪು ಲೈಲಾ ಎಂಬ ಬೇಹುಗಾರ್ತಿಯನ್ನು ಹಿಡಿದಿಟ್ಟಿದೆ. ನಾವು ಆಡಿಸುವ ಬೇಹುಗಾರ ಆಲ್ಬಟ್ರಾಸ್ ಹೋಗಿ ಬಿಡಿಸಬೇಕು. ಕತೆ ಅಷ್ಟೇ. ಕತೆಗೋಸ್ಕರ ಇದನ್ನು ಯಾರೂ ಆಡುವುದಿಲ್ಲ ಬಿಡಿ.

ಹೋದ ಹಬ್ಬಕ್ಕೆ ಬಂದ ಭಾವ ‘ಕೊಡಯ್ಯ ಇಲ್ಲಿ, ಇದೇನು ಮಹಾ’ ಅಂತ ಕಂಟ್ರೋಲರ್ ಕಿತ್ತುಕೊಂಡರು. ಬಲಗಡೆಗೆ ಒಂದೇ ಓಟ. ಸಿಕ್ಕಸಿಕ್ಕ ಕಡೆ ಗುಂಡು. ಒಂದು ಬಾಗಿಲು ತೆರೆಯಿತು, ಮುಸುಕಿನವನೊಬ್ಬ ಹೊರಗೆ ಬಂದ, ಒಂದು ಗುಂಡು ಹಾರಿಸಿದ. ಮುಗೀತು.

‘ಲೈಫ್ ಪೂರ್ತಿ ಇತ್ತಲ್ಲೋ! ಒಂದೇ ಏಟಿಗೆ ಹೋದನಾ? ಎಂಥ ಹೀರೋನೋ ಇವನು?’

ಹೌದು ಭಾವ. ಮೈ ತಾಗಿದರೆ ಅರ್ಧ ಲೈಫ್ ಹೋಗುತ್ತೆ, ಗುಂಡು ತಾಗಿದರೆ ಪೂರ್ತಿ. ಅವನು ಬೇಹುಗಾರ. ಮದುವೆ ದಿಬ್ಬಣದ ಥರ ನುಗ್ಗಿದರೆ ಸಾಯಲೇಬೇಕು.

ಗೇಮ್ ಇರುವುದೇ ಆ ಬಾಗಿಲುಗಳಲ್ಲಿ. ಅಲ್ಲಿಂದ ವೈರಿ ಬರುತ್ತಾನೆ. ಅದರೊಳಗೆ ನಾವೂ ಹೋಗಿ ಬಚ್ಚಿಟ್ಟುಕೊಳ್ಳಬಹುದು. ಕೆಲವು ಬಾಗಿಲ ಹಿಂದೆ ಗುಂಡು ಸಿಗುತ್ತೆ, ಕೆಲವದರಲ್ಲಿ ಮಷಿನ್ ಗನ್. ಗುಂಡು ಲೆಕ್ಕದ್ದು, ಸುಮ್ನೆ ಹಾರಿಸಿ ಖಾಲಿ ಮಾಡಿಕೊಂಡರೆ ಆಮೇಲೆ ಒಂದೊಂದೇ, ನಿಧಾನಕ್ಕೆ ಹೋಗುತ್ತೆ. ಅಡಗಿಯೇ ಕೂರೋಣ ಅಂದ್ರೆ ಟೈಮರ್ ಓಡ್ತಿರುತ್ತೆ. ಬೇಹುಗಾರ, ಬಾಗಿಲು ಎರಡೂ 1983ರ ಎಲಿವೇಟರ್ ಆಕ್ಷನ್ ಅನ್ನೋ ಗೇಮ್‌ನಲ್ಲೇ ಇದ್ದವು, ನಿಜ. ಆದರೆ ಇಲ್ಲಿ ಒಂದೊಂದು ಬಾಗಿಲಿಗೂ ಎದೆ ಹೊಡೆದುಕೊಳ್ಳುತ್ತೆ.

ಗ್ರಾಫಿಕ್ಸ್ ಬಗ್ಗೆಯೇ ಕೇಳಬೇಕು ಅಂತಿದ್ರೆ ಸರಿಯಾಗಿ ಕೇಳಿ. 1986ರ ಗೇಮ್‌ನಲ್ಲಿ ಒಬ್ಬ ಮನುಷ್ಯ ಇಷ್ಟು ಚೆನ್ನಾಗಿ ಹೇಗೆ ನಡೀತಾನೆ? ಇದನ್ನು ಮಾತ್ರ ಯಾರೂ ಕೇಳಿಲ್ಲ. ಉದ್ದ ಕಾಲು, ಸಣಕಲು ಮೈ, ಅವಸರವೇ ಇಲ್ಲದ ಹೆಜ್ಜೆ. ಕೆಳಗಿನಿಂದ ಮೇಲಿನ ಅಂತಸ್ತಿಗೆ ಹಾರಿ ಕಂಬಿ ದಾಟುವುದನ್ನು ನೋಡಿ. ಬಟ್ಟೆ ಮಾಸದ ಹಾಗೆ ದಾಟುತ್ತಾನೆ. ಆ ಠೀವಿಗೆ ಬೆಲೆಯೂ ಇದೆ. ಒಮ್ಮೆ ಹಾರಿದರೆ ಗಾಳಿಯಲ್ಲಿ ದಿಕ್ಕು ಬದಲಿಸಲು ಆಗಲ್ಲ. ಗುಂಡು ಹಾರಿಸಲೂ ಆಗಲ್ಲ. ಹಾಗಾಗಿ ಹಾರೋ ಮೊದಲೇ ಯೋಚಿಸಬೇಕು: ಮೇಲೆ ಯಾರಿದ್ದಾನೆ, ಮುಸುಕಿನ ಬಣ್ಣ ಯಾವುದು, ಆ ಬಣ್ಣದವನು ಏನು ಮಾಡ್ತಾನೆ? ಇದನ್ನೇ ‘ಕಂಟ್ರೋಲ್ ಸರಿಯಿಲ್ಲ’ ಅನ್ನುವವರಿದ್ದಾರೆ. ಅವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ.

ಎರಡನೇ ಭಾಗ 1990ರಲ್ಲಿ ಬಂತು. ಅದರಲ್ಲಿ ಲೈಲಾ ತಾನೇ ಬಂದೂಕು ಹಿಡಿದು ಹೊರಡುತ್ತಾಳೆ, ಇಬ್ಬರು ಒಟ್ಟಿಗೆ ಆಡಬಹುದು. ಈ ವಿಷಯ ಭಾವನಿಗೆ ಹೇಳಿಲ್ಲ.