ಹಾಲ್ ಗೋಡೆಗೆ ಹೊಸ ಬಣ್ಣ

ನಮ್ಮ ಹಾಲ್ ಕಿಟಕಿಗೆ ಪಕ್ಕದ ಮನೆ ಗೋಡೆ ಅಡ್ಡ. ಹಗಲಲ್ಲೂ ಲೈಟ್ ಹಾಕಬೇಕು, ಸಾಲದ್ದಕ್ಕೆ ಕಡು ಕಂದು ಬಣ್ಣ ಬೇರೆ. ಕೊನೆಗೂ ನಾನು, ಅಕ್ಕ ಸೇರಿ ಕಿಟಕಿ ಎದುರಿನ ಗೋಡೆಗೆ ಹಳೇ ಸುಣ್ಣದ ಗೋಡೆಯ ಕಳೆ ತಂದೆವು.

ನಿಜವಾದ ಸುಣ್ಣ ಎಮಲ್ಷನ್ (ಈಗಿನ ನೀರು ಬೆರೆಸೋ ಪ್ಲಾಸ್ಟಿಕ್ ಪೇಂಟ್) ಮೇಲೆ ಸರಿಯಾಗಿ ಹಿಡಿಯಲ್ಲ. ಅದಕ್ಕೆ ನೀರು ಹೀರೋ ಗೋಡೆ ಬೇಕು, ಆಮೇಲೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗಬೇಕು. ಹಾಗಾಗಿ ಗೋಡೆಯನ್ನ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ತೆಳು ಕೆನೆಬಣ್ಣದ ಮ್ಯಾಟ್ ಎಮಲ್ಷನ್ ಬಳಿದೆವು. ಅದು ಪೂರ್ತಿ ಒಣಗಿದ ಮೇಲೆ ಒಂದು ಛಾಯೆ ಗಾಢವಾದ ಬಣ್ಣಕ್ಕೆ ನೀರು ಬೆರೆಸಿ, ಅಗಲ ಬ್ರಷ್‌ನಲ್ಲಿ ಅಡ್ಡಾದಿಡ್ಡಿ ಎಳೆಯೋದು. ಹಸಿ ಇರುವಾಗಲೇ ಒದ್ದೆ ಪಂಚೆ ತುಂಡಿನಿಂದ ಒತ್ತಿ ಒತ್ತಿ ತೆಗೆಯೋದು. ಅಂಚು ಒಣಗಿದರೆ ಜೋಡಣೆಯ ಗೆರೆ ಎದ್ದು ಕಾಣುತ್ತೆ. ಇದು ಇಬ್ಬರ ಕೆಲಸವೇ: ನಾನು ಬಳಿದೆ, ಅಕ್ಕ ಒತ್ತಿದಳು.

ಒತ್ತುತ್ತಾ ಅಜ್ಜಿಯ ಮಾತು ಬಂತು. ಹಬ್ಬಕ್ಕೆ ಮುಂಚೆ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿಯೋರು. ಒಂದೇ ಬೆಳಕಿಂಡಿಯ ನಡುಮನೆಗೆ ಆ ಬಿಳುಪೇ ದೀಪ. ಅವರಿಗೆ ಬೆಳಕಿನ ಲೆಕ್ಕ ಎಷ್ಟು ಚೆನ್ನಾಗಿ ಗೊತ್ತಿತ್ತು!

ಈಗ ಬೆಳಿಗ್ಗೆ ಲೈಟ್ ಇಲ್ಲದೆ ಪೇಪರ್ ಓದಬಹುದು. ಮುಂದಿನದು ದೇವರಮನೆ ಪಕ್ಕದ ಪ್ಯಾಸೇಜ್. ಅಕ್ಕ ಆಗಲೇ ಬಣ್ಣ ಆರಿಸಿದ್ದಾಳೆ.