ಹೆಲ್ಸ್ ಗೇಟ್: ಸೈಕಲ್ ತುಳಿದು ನೋಡುವ ಕಾಡು

ಕೆನ್ಯಾದ ವನ್ಯಜೀವಿ ಪ್ರವಾಸವೆಂದರೆ ಮೇಲ್ಛಾವಣಿ ತೆರೆದ ವಾಹನದಲ್ಲಿ ನಿಂತು ಸಿಂಹವನ್ನು ಹುಡುಕುವುದೆಂಬ ಕಲ್ಪನೆಯೇ ನಮ್ಮಲ್ಲಿ ಹೆಚ್ಚಿನವರಿಗಿದೆ. ನೈರೋಬಿಯಿಂದ ವಾಯವ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ನೈವಾಶಾ ಸರೋವರದ ದಕ್ಷಿಣಕ್ಕಿರುವ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಕಲ್ಪನೆ ತಲೆಕೆಳಗಾಗುತ್ತದೆ. ಇಲ್ಲಿ ಪ್ರವಾಸಿಗರು ನಡೆದು ಹೋಗಬಹುದು, ಸೈಕಲ್ ತುಳಿಯಬಹುದು. 1984ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತೀರ್ಣ ಕೇವಲ 68 ಚದರ ಕಿಲೋಮೀಟರ್. ಸಾವಿರದೈನೂರು ಚದರ ಕಿಲೋಮೀಟರಿನ, ಕೆನ್ಯಾದ ಪ್ರಸಿದ್ಧ ವನ್ಯಧಾಮ ಮಸಾಯಿ ಮಾರಾದ ಪಕ್ಕದಲ್ಲಿಟ್ಟರೆ ಇದು ಒಂದು ಹಿತ್ತಿಲಷ್ಟೇ.

ಎಲ್ಸಾ ಗೇಟ್ ದಾಟಿದ ಕೂಡಲೇ ಮಣ್ಣಿನ ರಸ್ತೆ ಕೆಂಪು ಬಂಡೆಗಳ ಎರಡು ಎತ್ತರದ ಗೋಡೆಗಳ ನಡುವೆ ಸಾಗುತ್ತದೆ. ಎಡಬಲಗಳಲ್ಲಿ ಹುಲ್ಲುಗಾವಲು, ಅಲ್ಲಲ್ಲಿ ಬೂದುಹಸಿರು ಬಣ್ಣದ ಲೆಲೆಶ್ವಾ ಪೊದೆಗಳು. ಅವುಗಳ ಎಲೆಯನ್ನು ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಜೀಬ್ರಾ, ಜಿಂಕೆಯಂಥ ಗೆಜೆಲ್ ಮತ್ತು ಹಾರ್ಟ್‌ಬೀಸ್ಟ್, ಕಾಡುಹಂದಿಯಂಥ ವಾರ್ಟ್‌ಹಾಗ್, ಜಿರಾಫೆ ಎಲ್ಲವೂ ರಸ್ತೆಯಿಂದ ಕಾಣುವಷ್ಟು ಸಮೀಪದಲ್ಲೇ ಮೇಯುತ್ತಿದ್ದವು. ಸೈಕಲ್ ಉರುಳುತ್ತಿರುವವರೆಗೆ ಅವು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿದ್ದವು. ಆದರೆ ನಾನು ಇಳಿದು ನಿಂತ ಕ್ಷಣ ಹಿಂಡು ಹಿಂದೆ ಸರಿಯುತ್ತಿತ್ತು. ವಾಹನದ ಮರೆಯಿಲ್ಲದ ಮನುಷ್ಯಾಕೃತಿಯನ್ನು ಪ್ರಾಣಿಗಳು ಎಷ್ಟು ಚೆನ್ನಾಗಿ ಗುರುತಿಸುತ್ತವೆ ಎಂಬುದು ಜೀಪಿನೊಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಇಲ್ಲಿ ಚಿರತೆಗಳಿವೆಯಾದರೂ ಅವು ಕಾಣಿಸುವುದು ಅಪರೂಪ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಕಾಡೆಮ್ಮೆಗಳ ವಿಷಯದಲ್ಲಿ.

ರಸ್ತೆಯ ಆರಂಭದಲ್ಲೇ ಒಂಟಿಯಾಗಿ ನಿಂತಿರುವ ಫಿಶರ್ಸ್ ಟವರ್ ಎಂಬ ಬಂಡೆ, ಜ್ವಾಲಾಮುಖಿಯ ಬಾಯಲ್ಲಿ ಗಟ್ಟಿಯಾದ ಲಾವಾ. ಸುತ್ತಲಿನ ಮೆದು ಭಾಗ ಸವೆದುಹೋಗಿ ಇದಷ್ಟೇ ಉಳಿದಿದೆ. 1883ರಲ್ಲಿ ಈ ದಾರಿಯಾಗಿ ಬಂದಿದ್ದ ಜರ್ಮನ್ ಅನ್ವೇಷಕ ಗುಸ್ಟಾವ್ ಫಿಶರ್ ಹೆಸರು ಇದಕ್ಕಿದೆ. ಅದರ ಬುಡದ ಬಿರುಕುಗಳಲ್ಲಿ ರಾಕ್ ಹೈರಾಕ್ಸ್‌ಗಳ ಸಂಸಾರ. ಮೊಲದಷ್ಟೇ ಗಾತ್ರದ ಈ ಜೀವಿಯ ಹತ್ತಿರದ ಬಂಧುಗಳಲ್ಲಿ ಆನೆಯೂ ಒಂದು ಎಂದು ಓದಿದ್ದರೂ, ಬಿಸಿಲಿಗೆ ಮೈಚೆಲ್ಲಿ ಮಲಗಿದ್ದ ಅವುಗಳನ್ನು ನೋಡುವಾಗ ನನಗಂತೂ ನಂಬಿಕೆ ಬರಲಿಲ್ಲ.

ಉದ್ಯಾನದ ಅತ್ಯಂತ ಸುಂದರ ಭಾಗ, ಹಾಗೆಯೇ ಅತ್ಯಂತ ಅಪಾಯದ ಭಾಗ, ಓಲ್ ಞೊರೊವಾ ಕಮರಿ. ಪುರಾತನ ಕಾಲದಲ್ಲಿ ಈಗಿನದಕ್ಕಿಂತ ಬಹಳ ದೊಡ್ಡದಾಗಿದ್ದ ಸರೋವರವೊಂದರ ನೀರು ಹೊರಹರಿದ ದಾರಿಯಿದು. ನೀರು ಕೊರೆದ ಗೋಡೆಗಳು ಕೆಲವೆಡೆ ತೀರಾ ಇಕ್ಕಟ್ಟಾಗಿವೆ, ಬಂಡೆಯ ಸಂದುಗಳಿಂದ ಬಿಸಿನೀರು ಜಿನುಗುತ್ತದೆ. ಕಮರಿಯ ಮೇಲೆ ಆಕಾಶ ನಿರ್ಮಲವಾಗಿದ್ದರೂ ದೂರದಲ್ಲಿ ಸುರಿದ ಮಳೆ ಇಲ್ಲಿ ಏಕಾಏಕಿ ಪ್ರವಾಹವಾಗಿ ನುಗ್ಗಬಲ್ಲದು. 2012 ಮತ್ತು 2019ರಲ್ಲಿ ಹೀಗೆಯೇ ಜೀವಹಾನಿಯಾಗಿದೆ. ಆದ್ದರಿಂದ ನಾನು ಕೆಳಗಿಳಿಯದೆ ಅಂಚಿನಿಂದಲೇ ನೋಡಿದೆ, ಅದರಲ್ಲಿ ಯಾವ ಕೊರತೆಯೂ ಅನಿಸಲಿಲ್ಲ.

ಇನ್ನೊಂದು ಸಂಗತಿಗೆ ಸಿದ್ಧರಾಗಿ ಹೋಗುವುದು ಒಳ್ಳೆಯದು. ನೆಲದಡಿಯ ಶಾಖದಿಂದ ವಿದ್ಯುತ್ ತಯಾರಿಸುವ ಓಲ್ಕಾರಿಯಾ ಸ್ಥಾವರ ಉದ್ಯಾನ ಹುಟ್ಟುವ ಮುನ್ನವೇ, 1981ರಲ್ಲಿ, ಕೆಲಸ ಆರಂಭಿಸಿತ್ತು. ಈಗ ದಪ್ಪ ಕೊಳವೆಗಳು, ಹಬೆಯ ಕಂಬಗಳು, ವಿದ್ಯುತ್ ತಂತಿಗಳು ಕಾಡಿನೊಳಗೇ ಕಾಣುತ್ತವೆ. ಕಲ್ಲಿದ್ದಲು ಸುಡದೆ ಸಿಗುವ ಈ ವಿದ್ಯುತ್ತು ಕೆನ್ಯಾಕ್ಕೆ ಎಷ್ಟು ಮುಖ್ಯವೆಂಬುದು ನನಗೆ ಅರ್ಥವಾಗುತ್ತದೆ, ಹಾಗಾಗಿ ಕೊಳವೆಗಳು ಕಣ್ಣಿಗೆ ಚುಚ್ಚುತ್ತವೆಂಬುದು ನನ್ನ ದೂರಲ್ಲ. ನನ್ನ ಆತಂಕ ಬಂಡೆಗೋಡೆಗಳಲ್ಲಿ ಗೂಡು ಕಟ್ಟುವ ರುಪೆಲ್ ರಣಹದ್ದುಗಳ ಬಗ್ಗೆ. ಅಳಿವಿನಂಚಿನಲ್ಲಿರುವ ಈ ಹಕ್ಕಿಗಳು ರೆಕ್ಕೆ ಬಡಿಯದೆ, ಬಿಸಿಗಾಳಿಯನ್ನೇ ನೆಚ್ಚಿ ಗಂಟೆಗಟ್ಟಲೆ ತೇಲುತ್ತವೆ. ಅಂಥ ಹಕ್ಕಿಗಳು ಹಾರುವ ದಾರಿಯಲ್ಲಿ ಮತ್ತಷ್ಟು ತಂತಿ ಎಳೆಯುವ ಮುನ್ನ, 68 ಚದರ ಕಿಲೋಮೀಟರಿನಲ್ಲಿ ಅವುಗಳಿಗೆ ಬೇರೆ ಜಾಗವಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.