ಒಂದೇ ನಿಮಿಷದ ಖುಷಿ

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ 2017ರ ಭಾರತ–ಕೊಲಂಬಿಯಾ ಪಂದ್ಯದ ತುಣುಕು ಹಾಕಿಕೊಂಡು ಕೂತೆ. 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್, ದೆಹಲಿಯ ನೆಹರೂ ಕ್ರೀಡಾಂಗಣ. ಆತಿಥೇಯರು ಅಂತ ಸಿಕ್ಕಿದ ಜಾಗ ಅದು, ಅರ್ಹತಾ ಪಂದ್ಯ ಗೆದ್ದು ಬಂದದ್ದಲ್ಲ.

82ನೇ ನಿಮಿಷ. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ. ಮಣಿಪುರದ ಜೀಕ್ಸನ್ ಸಿಂಗ್ ಜಿಗಿದು ತಲೆ ಕೊಟ್ಟ. ಗೋಲು! ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು. 1-1. ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಹುಡುಗರು ಇನ್ನೂ ಆ ಗುಂಗಿನಲ್ಲೇ ಇದ್ದರು ಅನಿಸುತ್ತೆ, ಮರು ನಿಮಿಷವೇ ಕೊಲಂಬಿಯಾ ಇನ್ನೊಂದು ಹೊಡೆದುಬಿಟ್ಟಿತು. 1-2.

ಅಮೆರಿಕ ವಿರುದ್ಧ 0-3, ಘಾನಾ ವಿರುದ್ಧ 0-4. ಲೆಕ್ಕ ಹಾಕಿದರೆ ಒಂದು ಹೊಡೆದು ಒಂಬತ್ತು ಬಿಟ್ಟುಕೊಟ್ಟದ್ದು. ಕಾಗದದ ಮೇಲೆ ಹೇಳಿಕೊಳ್ಳುವಂಥದ್ದೇನಿಲ್ಲ, ಅಲ್ವಾ? 1974ರಲ್ಲಿ ನಮ್ಮ ಕಿರಿಯರು ಇರಾನ್ ಜೊತೆ ಏಷ್ಯಾ ಯೂತ್ ಪ್ರಶಸ್ತಿ ಹಂಚಿಕೊಂಡಿದ್ದರು. ಅದು ಇದಕ್ಕಿಂತ ಎಷ್ಟೋ ದೊಡ್ಡ ಸಾಧನೆ. ಆದರೂ ನನಗೆ ಪದೇ ಪದೇ ನೋಡಬೇಕು ಅನಿಸುವುದು ಈ ಸೋತ ಪಂದ್ಯವೇ.

ನಿನ್ನೆ ಒಂದು ಕಳ್ಳಾಟ ಮಾಡಿದೆ. ಜೀಕ್ಸನ್ ಗೋಲು ಹೊಡೆದ ತಕ್ಷಣ ವಿಡಿಯೋ ನಿಲ್ಲಿಸಿ ಮಲಗಿದೆ.